ಒಂದೇ ಕೈಯ ಕುರ್ಚಿ

ಅರ್ಜುನಪ್ಪ ಗಾರ್ಡನ ಮನೆಯಲ್ಲಿ ಕೂಡಲು ಒಂದು ನೆಟ್ಟಗಿನ ಮಣೆ ಇರಲಿಲ್ಲ. ಕೊಡಲಿ ಕಾವುಗಳು ಮಾತ್ರ ಅಟ್ಟದ ತುಂಬ ಒಟ್ಟಿದ್ದವು. ಊರು ಲಕ್ಕಲಕಟ್ಟಿ, ಕಾಯುವುದು ಗಜೇಂದ್ರಗಡದ ಗುಡ್ಡದ ಸರಕಾರಿ ಕಾಡು. ಆ ಗುಡ್ಡದ ದಿಂಡಲ ಮರವೆಂದರೆ ಕಬ್ಬಿಣಕ್ಕೆ ಅಣ್ಣ. ದಿಂಡಲದ ಅಚ್ಚಿನ ಚಕ್ಕಡಿ ಹತ್ತಿ ಹೇರಿಕೊಂಡು ನರಗುಂದದ ಪೇಟೆಗೆ ಎಷ್ಟು ಸಲ ಹೋಗಿಬಂದರೂ ಜಪ್ಪಯ್ಯ ಅನ್ನದು. ಅಂಥ ಮರದ ಮೇಲೆ ಊರವರ ಕಣ್ಣು ಬೀಳದೆ ಇರುತ್ತದೆಯೇ?

ಕಡಿಯುವವರು ಸಿಕ್ಕರೆ ರೋಣದ ಕೋರ್ಟಿಗೆ ಎಳೆಯಬೇಕೆಂದು ಕಾಯಿದೆ. ಸುಗ್ಗಿಯ ಹೊತ್ತಿನಲ್ಲಿ ರೈತನನ್ನು ಕೋರ್ಟಿಗೆ ಅಲೆಸುವುದು ಅರ್ಜುನಪ್ಪನಿಗೆ ಸೇರದು. ಅವನದು ಬೇರೆಯೇ ಪದ್ಧತಿ. ಸಿಕ್ಕವನ ಕೊಡಲಿ ಕಸಿದು, ಬಂಡೆಗೆ ಕುಟ್ಟಿ, ಕಾವು ಬೇರೆ ಕಬ್ಬಿಣ ಬೇರೆ ಮಾಡುತ್ತಿದ್ದ.

“ಕಬ್ಬಿಣ ನಿಂದು, ಒಯ್ಯಿ. ಕಟಗಿ ಗುಡ್ಡದ್ದು, ನನ್ನ ಹಂತೇಲಿ ಇರ್ಲಿ. ಕೊಡಲಿ ಕಾವು ಕುಲಕ್ಕ ಸಾವು ಅಂತ ನಿಮ್ಮಪ್ಪ ಹೇಳಿಲ್ಲೇನು?”

ಕಾವಿಲ್ಲದ ಕೊಡಲಿ ಹಿಡಿದು ಅಗಸಿಯೊಳಗೆ ಬರುವುದೆಂದರೆ ಸುಮ್ಮನೆ ಮಾತಲ್ಲ. ಕಟ್ಟೆಯ ಮೇಲೆ ಕೂತವರು ಬಿಡಬೇಕಲ್ಲ! “ಯಾಕೋ ಶಿವನಪ್ಪ, ಕೊಡಲಿ ಬಾಲ ಎಲ್ಲಿ ಬಿಟ್ಟ ಬಂದಿ?” ಇಷ್ಟು ಸಾಕು, ಶಿವನಪ್ಪ ಆ ವರ್ಷವೆಲ್ಲ ಗುಡ್ಡದ ಕಡೆ ತಲೆ ಹಾಕಿ ಮಲಗಲಿಲ್ಲ. ಊರಗೌಡ ಪ್ರಭುಲಿಂಗಪ್ಪನನ್ನೂ ಗಾರ್ಡ ಬಿಟ್ಟಿರಲಿಲ್ಲ. ಹೀಗೆ ಬೋಳಾಗಿದ್ದ ಗುಡ್ಡ ವರ್ಷ ವರ್ಷ ಚಿಗುರಿ, ಈಚೆಗೆ ದನ ಹೊಕ್ಕರೆ ಹುಡುಕಬೇಕು ಅನ್ನುವಷ್ಟು ದಟ್ಟವಾಯಿತು.

ಮುಂಬೈ ಸರಕಾರದಲ್ಲಿ ನೌಕರಿಗೆ ಸೇರಿದವನಿಗೆ ಮೈಸೂರು ಸರಕಾರದಲ್ಲಿ ನಿವೃತ್ತಿ ಬಂತು. ಅರ್ಜುನಪ್ಪನಿಗೆ ಊಟ ರುಚಿಸದು. ತಾನು ಬೆನ್ನು ತಿರುಗಿಸಿದ ಮರುದಿನವೇ ಕೊಡಲಿಗಳು ಗುಡ್ಡ ಏರುತ್ತವೆ, ಇಷ್ಟು ವರ್ಷ ಕಾದದ್ದು ನೀರಿನಲ್ಲಿ ಹೋಮ, ಇದೊಂದೇ ಚಿಂತೆ. ಅದರ ಮೇಲೆ ಒಂದು ದಿನ ನೋಡಿದರೆ ಅಟ್ಟ ಖಾಲಿ!

“ಬಚ್ಚಲ ಒಲಿಗೆ ಹಾಕೀನ್ರಿ,” ಎಂದಳು ಹೆಂಡತಿ ಹೊಳೆವ್ವ, ರೊಟ್ಟಿ ಬಡಿಯುತ್ತಲೇ. “ಇನ್ನೇನ್ ಗಾರ್ಡಕಿ ಮುಗೀತಲ್ಲ.”

“ದಿಂಡಲಾ, ಒಲಿಗಾ?” ಎಂದವನು ಎದ್ದು ಗುಡ್ಡದ ಕಡೆ ನಡೆದ.

ಊರವರು ಹನಮಪ್ಪನ ಗುಡಿಯ ಮುಂದೆ ಸತ್ಕಾರ ಇಟ್ಟುಕೊಂಡರು. ಗೌಡ ರುಮಾಲು ಸುತ್ತಿ ಮಾಲೆ ಹಾಕಿದ. ಆಮೇಲೆ ಬಡಿಗ ಜಂಗ್ಲಿಸಾಬ ಕಂಬಳಿ ಹೊದಿಸಿದ್ದೇನನ್ನೋ ತಂದಿಟ್ಟು, ಕಂಬಳಿ ಎಳೆದ. ಕುರ್ಚಿ! ಆಗತಾನೇ ಕೀಸುಳಿ ಹೊಡೆದು ನುಣುಪಾದದ್ದು, ಪುಂಡಿ ನಾರಿನಿಂದ ಹೆಣೆದದ್ದು. ಜನ ಚಪ್ಪಾಳೆ ತಟ್ಟಿದರು.

ಅರ್ಜುನಪ್ಪ ಕೈಯಾಡಿಸಿದ. ದಿಂಡಲ. ಅವನ ಮೋರೆ ಕೆಂಪಾಯಿತು. ರುಮಾಲು ತೆಗೆದು ಗೌಡನ ಕೈಗಿಟ್ಟ.

“ನನ್ನ ಗಿಡಾ ಕಡದು ನನಗ ಮರ್ಯಾದಿ ಮಾಡ್ತೀರಿ? ನಾ ಇನ್ನೂ ಇಲ್ಲೇ ನಿಂತೀನಲ್ರೋ! ಇದರ ಮ್ಯಾಲ ನನ್ನ ಹೆಣಾನೂ ಕೂಡೂದಿಲ್ಲ.”

ಅವನ ಕಣ್ಣಲ್ಲಿ ನೀರು ನಿಂತಿತು. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಕಿಸಕ್ಕನೆ ನಗು. ನೋಡಿದರೆ ಹೊಳೆವ್ವ, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ಕೂಡಬ್ಯಾಡ್ರಿ. ಮದಲ ಬಗ್ಗಿ ಅಡಿಗೆ ನೋಡ್ರಿ.”

ಬಗ್ಗಿ ನೋಡಿದ. ಅಡಿಯ ಮಗ್ಗುಲಿಗೆ ಜಂಗ್ಲಿಸಾಬ ಕೀಸುಳಿ ತಾಗಿಸಿರಲಿಲ್ಲ. ಕೋಲುಕೋಲಿನ ಮೇಲೂ ರೈತರು ತಮ್ಮ ತಮ್ಮ ಗುರುತಿಗೆಂದು ಕಬ್ಬಿಣ ಕಾಸಿ ಒತ್ತಿದ ಸುಟ್ಟ ಗೆರೆಗಳು: ಒಂದು ತ್ರಿಶೂಲ, ಒಂದು ಚಂದ್ರ, ಒಂದು ಕಾಗೆಕಾಲು. ಅಟ್ಟದ ಮೇಲಿದ್ದ ಕಾವುಗಳೆಲ್ಲ ಅಲ್ಲಿದ್ದವು.

“ಈ ಮುಂದಿನ ಕಾಲು ನಂದ್ರಿ, ಗಾರ್ಡರ!” ಎಂದು ಶಿವನಪ್ಪ ಎದ್ದುನಿಂತ, ಯಾವುದೋ ಬಹುಮಾನ ಬಂದವನಂತೆ.

“ಬೆನ್ನಿಗೆ ಆನಿಸಿದ ನಡುವಿನ ಕೋಲು ನಂದು,” ಎಂದ ಗೌಡ. “ಗೌಡ ಅಂದ ಮ್ಯಾಲ ನಡಕ ಇರಬೇಕಲ್ಲ.”

ಗುಡಿಯ ಮುಂದೆ ನಗುವೋ ನಗು. ಅರ್ಜುನಪ್ಪನೂ ಕಣ್ಣು ಒರೆಸಿಕೊಳ್ಳುತ್ತ ನಕ್ಕ. ರುಮಾಲು ಇಸಕೊಂಡು ಸುತ್ತಿ, ಗತ್ತಿನಿಂದ ಕೂತ. ಬಲಗೈ ಕುರ್ಚಿಯ ಕೈಮೇಲೆ ಕೂತಿತು, ಎಡಗೈ ಜೋತುಬಿತ್ತು. ಆ ಕಡೆ ಕೈಯೇ ಇರಲಿಲ್ಲ.

“ಏ ಜಂಗ್ಲಿಸಾಬ, ಇನ್ನೊಂದು ಕೈ ಎಲ್ಲೈತೋ?”

“ಕಾವು ಸಾಲಲಿಲ್ರಿ. ಗುಡ್ಡದಿಂದ ಹೊಸಾದು ತರೂನಂದ್ರ ಎಲ್ಲಾರೂ ಬ್ಯಾಡ ಅಂದ್ರು. ಇನ್ನೊಬ್ಬಾಂವ ಕಡಿಯಾಕ ಹೋಗಿ ಸಿಗಲಿ, ಅವನ ಕಾವಿಲೇ ಕೂಡಸ್ತೀನಿ.”

ಅರ್ಜುನಪ್ಪ ಆ ಕುರ್ಚಿಯನ್ನು ಮನೆಯಲ್ಲಿ ಇಡಲಿಲ್ಲ. ಗುಡ್ಡದ ದಾರಿಯ ಬೇವಿನ ಬುಡಕ್ಕೆ ಒಯ್ದು, ದಿನಾ ಸಂಜೆ ಅದರಲ್ಲಿ ಕೂಡುತ್ತಿದ್ದ. ಹೊಸ ಗಾರ್ಡ ಬಂದ, ಮಳೆಗಾಲಗಳು ಬಂದವು, ಹೋದವು. ಆ ದಾರಿಯಲ್ಲಿ ಹಾಯುವಾಗಲೆಲ್ಲ ಜಂಗ್ಲಿಸಾಬ ಕೇಳುತ್ತಿದ್ದ:

“ಕೈ ಸಿಕ್ತೇನ್ರಿ, ಗಾರ್ಡರ?”

ಅರ್ಜುನಪ್ಪ ಇಲ್ಲದ ಕೈಯ ಮೇಲೆ ಎಡಗೈ ಚಾಚಿ, ಹಿಂದಿನ ಕಪ್ಪುಹಸಿರು ಗುಡ್ಡವನ್ನೊಮ್ಮೆ ನೋಡಿ, ಬಾಯಿ ತುಂಬ ನಗುತ್ತಿದ್ದ.

“ಇನ್ನೂ ಇಲ್ಲೋ, ಮಾರಾಯ. ಒಬ್ಬ ಸೂಳಿಮಗನೂ ಸಿಗವಲ್ಲ.”