ಉಪ್ಪು ಮರೆತ ಬೆಳಕಮ್ಮ

ಕೊಳಚೆ ನೀರು ಶುದ್ಧಿ ಮಾಡುವ ಘಟಕದ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ದುಡಿಯುತ್ತಿರುವ ಈಕೆಯನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರ ಬಾಯಲ್ಲೂ ಬೆಳಕಮ್ಮ. ಕತ್ತಲಲ್ಲಿ ಮಿನುಗುವ ಬ್ಯಾಕ್ಟೀರಿಯಾಗಳನ್ನು ಸೀಸೆಗಳಲ್ಲಿ ಸಾಕಿಕೊಂಡವಳಿಗೆ ಇನ್ನೇನು ಅಂತಾರೆ? ನಿನಗೆ ನಮಗಿಂತ ಅವುಗಳ ಮೇಲೇ ಜೀವ ಎಂದು ಸ್ವಂತ ಮಗಳೇ ಒಮ್ಮೆ ಮುನಿಸಿಕೊಂಡಿದ್ದಳು. ಬೆಳಕಮ್ಮ ಇಲ್ಲ ಅನ್ನಲಿಲ್ಲ.

ಕೆಲಸ ಹೇಳಲು ಸುಲಭ. ಕೊಳಚೆಯ ಕೆಸರನ್ನು ನೀರಲ್ಲಿ ಕಲಕಿ, ಸೋಸಿ, ಆ ನೀರನ್ನು ಬ್ಯಾಕ್ಟೀರಿಯಾಗಳಿಗೆ ಕುಡಿಸುವುದು. ಅರ್ಧ ಗಂಟೆಯಲ್ಲಿ ಬೆಳಕು ಕುಗ್ಗಿತೋ, ಕೆಸರಿನಲ್ಲಿ ಸತುವೋ ತಾಮ್ರವೋ ವಿಷವಾಗುವಷ್ಟಿದೆ ಎಂದರ್ಥ. ಅಂಥದ್ದನ್ನು ಹೊಲಕ್ಕೆ ಹಾಕುವಂತಿಲ್ಲ.

ಎರಡು ವರ್ಷದಿಂದ ಬೆಳಕು ಕುಗ್ಗುತ್ತಲೇ ಇತ್ತು. ಲೋಹಕ್ಕೆ ಮೆರುಗು ಕೊಡುವ ಕಾರ್ಖಾನೆಯೊಂದು ತೊಳೆದ ನೀರನ್ನೆಲ್ಲ ಚರಂಡಿಗೆ ಬಿಡುತ್ತಿತ್ತು. ಇದರಿಂದ ಎಲ್ಲರಿಗಿಂತ ಹೆಚ್ಚು ನೊಂದವನು ಗೊಬ್ಬರದಜ್ಜ. ಕೆಸರು ಒಣಗಿಸುವ ಮಡಿಗಳ ಮೇಸ್ತ್ರಿ ಆತ. ಮಗುವಿನಂತೆ ಜೋಪಾನ ಮಾಡಿ, ಮಗುಚಿ ಹಾಕಿ ಒಣಗಿಸಿದ ಗೊಬ್ಬರ ಹೊಲದ ಬದಲು ಲಾರಿಗಟ್ಟಲೆ ಕಸದ ಗುಂಡಿ ಸೇರುತ್ತಿತ್ತು. ಕೊನೆಗೂ ಕಾರ್ಖಾನೆಯವರು ಶುದ್ಧಿಯ ತೊಟ್ಟಿ ಕಟ್ಟಿಸಿದರು. ಇನ್ನು ಒಂದೇ ಒಂದು ಪರೀಕ್ಷೆ, ಅದೂ ಫೇಲಾದರೆ ಮಡಿಗಳನ್ನೇ ಮುಚ್ಚುತ್ತೇವೆ ಎಂದು ಘಟಕದ ಎಂಜಿನಿಯರು ಕಡ್ಡಿ ಮುರಿದಂತೆ ಹೇಳಿದ್ದರು.

ಆ ದಿನ ಅಜ್ಜ ಬೆಳಿಗ್ಗೆಯೇ ಲ್ಯಾಬಿನ ಬಾಗಿಲಲ್ಲಿ ಠಿಕಾಣಿ ಹೂಡಿದ. ಒಳಗೆ ಮಾತ್ರ ಬರಲೊಲ್ಲ. ಬೆಳಕು ಆರಿದ್ದನ್ನು ನೋಡಲಾರೆ ಎಂಬ ಹಟ. ಅವನ ತಳಮಳ ಬೆಳಕಮ್ಮನಿಗೂ ಅಂಟಿತು. ಕೆಸರಿನ ನೀರು ಕುಡಿಸಿ ಅರ್ಧ ಗಂಟೆಯ ಮೇಲೆ ಬೆಳಕು ಅಳೆಯುವ ಯಂತ್ರ ನೋಡಿದರೆ ಬೆಳಕು ಪೂರ್ತಿ ಮಾಯ. ಹೊರಗೆ ಬಂದ ಅವಳ ಮುಖ ನೋಡಿಯೇ ಅಜ್ಜ ಟವೆಲು ಕೊಡವಿಕೊಂಡು ಎದ್ದು ಹೊರಟ.

ಸೀಸೆ ತೊಳೆಯಲು ಹೋದವಳ ಕೈ ತಡೆಯಿತು. ಹೋಲಿಸಿ ನೋಡಲೆಂದು ಕೆಸರು ಸೋಕದ ಒಂದು ಸೀಸೆಯನ್ನು ಯಾವಾಗಲೂ ಪಕ್ಕಕ್ಕಿಡುತ್ತಾಳೆ. ನೋಡಬೇಕಾದದ್ದೇ ಅದನ್ನು ಮೊದಲು. ಗಡಿಬಿಡಿಯಲ್ಲಿ ನೋಡಿರಲೇ ಇಲ್ಲ. ಯಂತ್ರಕ್ಕಿಟ್ಟಳು. ಅದೂ ಆರಿತ್ತು. ವಿಷವೇ ತಾಗದ ಇವಕ್ಕೇನು ಧಾಡಿ? ತಿರುಗಿ ನೋಡಿದರೆ, ಬೆಳಿಗ್ಗೆ ತೂಗಿದ ಉಪ್ಪು ತಕ್ಕಡಿಯ ಮೇಲೆ ಕಾಗದದಲ್ಲಿ ಹಾಗೇ ಕೂತಿತ್ತು. ಈ ಬ್ಯಾಕ್ಟೀರಿಯಾಗಳ ತವರು ಸಮುದ್ರ. ಸಪ್ಪೆ ನೀರಲ್ಲಿ ಬದುಕುವುದಿಲ್ಲ. ಹದಿನೆಂಟು ವರ್ಷದ ಅನುಭವವಂತೆ ಅನುಭವ. ಬೆಳಕಮ್ಮ ಹಣೆ ಚಚ್ಚಿಕೊಂಡು ನಕ್ಕಳು. ಗೇಟಿನವರೆಗೂ ಓಡಿ ಅಜ್ಜನ ತೋಳು ಹಿಡಿದಳು.

“ತಪ್ಪು ನಂದೇ ಅಜ್ಜ, ನೀರಿಗೆ ಉಪ್ಪು ಹಾಕೋದೇ ಮರ್ತೆ. ಇನ್ನೊಂದ್ ಸಲ ಮಾಡ್ತೀನಿ. ಈ ಸಲ ನೀವು ಒಳಗೇ ಕೂತ್ಕೊಳ್ಳಿ.”

ಉಪ್ಪು ಬೆರೆಸಿದ ನೀರು, ಹೊಸ ಸೀಸೆಗಳು, ಮತ್ತೆ ಅರ್ಧ ಗಂಟೆ. ಅಜ್ಜ ಸ್ಟೂಲಿನ ಮೇಲೆ ಕಣ್ಣು ಮುಚ್ಚಿಯೇ ಕೂತಿದ್ದ. ಕೆಸರು ಸೋಕದ ಸೀಸೆಯಲ್ಲಿ ಬೆಳಕು ಚೆನ್ನಾಗಿತ್ತು. ಕೆಸರಿನದರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಕೆಸರು ಪಾಸಾಗಿತ್ತು. ಬೆಳಕಮ್ಮ ಪರದೆ ಎಳೆದು, ದೀಪ ಆರಿಸಿ, ಕೆಸರಿನ ಸೀಸೆಯನ್ನೇ ಅಜ್ಜನ ಅಂಗೈಗಿಟ್ಟು ಕಣ್ಣು ಬಿಡಿ ಎಂದಳು. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ತಿಳಿನೀಲಿ ಬೆಳಕು ಮೆಲ್ಲಗೆ ಮೂಡಿತು.

“ನನ್ನ ಕೆಸರು ಕುಡಿದೂ ಉರೀತಾ ಇದ್ಯಲ್ಲಮ್ಮ,” ಅಂದ ಅಜ್ಜ.

ಸೀಸೆ ವಾಪಸು ಕೊಡಲು ಅವನಿಗೆ ಮನಸ್ಸೇ ಬರಲಿಲ್ಲ.