ಕುದುರೆಮರಿ ಕಚ್ಚಿದರೂ ಅಲುಗದ ಭಾವ

ನನ್ನ ಭಾವನನ್ನು ಇಪ್ಪತ್ತಾರು ವರ್ಷಗಳಿಂದ ಕುದುರೆಗಳು ಕಚ್ಚುತ್ತಿವೆ. ಅದೇ ಅವರ ಕೆಲಸ. ಲಾಯಕ್ಕೆ ಬರುವ ಎಳೆಯ ಕುದುರೆಗಳಿಗೆ ಕಂಡದ್ದಕ್ಕೆಲ್ಲ ಬಾಯಿ ಹಾಕುವ ಚಟ. ಬಕೆಟ್ಟು, ಪೊರಕೆ, ಬಾಗಿಲ ಚಿಲಕ, ವೈದ್ಯರ ಕನ್ನಡಕದ ಡಬ್ಬಿ, ಯಾವುದನ್ನೂ ಬೇಡವೆನ್ನುವುದಿಲ್ಲ. ಮರದ ಬೇಲಿಗಾದರೆ ಕಹಿ ಮುಲಾಮು ಬಳಿಯಬಹುದು, ಮನುಷ್ಯರಿಗೆ ಬಳಿಯಲಾಗುವುದಿಲ್ಲವಲ್ಲ. ಹಾಗಾಗಿ ಚಟ ಬಿಡಿಸಲು ಭಾವನನ್ನು ಇಟ್ಟುಕೊಂಡಿದ್ದಾರೆ.

ಅವರ ವಿದ್ಯೆ ಇಷ್ಟೇ. ಮರಿ ಬಾಯಿ ಹಾಕಿದಾಗ ಕೈ ಹಿಂದಕ್ಕೆಳೆದುಕೊಂಡರೆ ಅದಕ್ಕೆ ಆಟ, ಕೂಗಿದರೆ ಇನ್ನೂ ದೊಡ್ಡ ಆಟ, ಹೊಡೆದರೆ ಜನ್ಮದ ಜಗಳ. ಭಾವ ಮೂರನ್ನೂ ಮಾಡುವುದಿಲ್ಲ. ಮುಖದ ಒಂದು ಗೆರೆಯೂ ಅಲುಗದಂತೆ ನಿಂತು ಅದರ ಮೂತಿಯನ್ನು ಉಜ್ಜುತ್ತಾರೆ. ಉಜ್ಜುತ್ತಲೇ ಇರುತ್ತಾರೆ. ಕೊನೆಗೆ ಮರಿಗೇ ಬೇಸರ ಬಂದು ಮುಖ ತಿರುಗಿಸಿ ಸುಮ್ಮನಾಗುತ್ತದೆ. ಸುಮ್ಮನಾಯಿತೆಂದರೆ ಕಲಿಯಿತು ಎಂದರ್ಥ. ಲಾಯದವರು ಅವರನ್ನು ಗೋಡೆ ಎಂದೇ ಕರೆಯುತ್ತಾರೆ. ಆ ಗೋಡೆಗೆ ಅಂಗಿ ಹೊಲಿಯುವ ದರ್ಜಿ ನಾನು. ತಿಂಗಳಿಗೆ ನಾಲ್ಕಾದರೂ ತೋಳು ಹರಿದು ಬರುತ್ತವೆ.

ಲಾಯದಲ್ಲಿ ಗೋಡೆಯಾಗಿದ್ದರೆ ಇರಲಿ, ಮನೆಯಲ್ಲೂ ಗೋಡೆಯಾದರೆ ನನ್ನ ಅಕ್ಕ ಏನು ಮಾಡಬೇಕು? ಮದುವೆಯಾದ ಹೊಸದರಲ್ಲಿ ಮಾತಾಡುತ್ತಿದ್ದರಂತೆ, ಆಣೆ ಮಾಡಿ ಹೇಳುತ್ತಾಳೆ. ಈಗ ಅಕ್ಕ ಕೂದಲು ಗಿಡ್ಡ ಕತ್ತರಿಸಿಕೊಂಡು ಬಂದರೂ ಭಾವನದು ಬರೀ ಹೂಂ. ಮಂಚವನ್ನು ಅಡುಗೆಮನೆಗೆ ಎಳೆದುಹಾಕಿದಳು, ಭಾವ ಅಲ್ಲೇ ಹೋಗಿ ಮಲಗಿದರು. ರೇಗಿಹೋಗಿ ಒಂದು ದಿನ ತಟ್ಟೆಗೆ ಊಟದ ಬದಲು ಒಣಹುಲ್ಲು ಬಡಿಸಿದಳು. ಭಾವ ಮೂಸಿ ನೋಡಿದರು, ಒಳ್ಳೆ ಹುಲ್ಲು ಎಂದರು, ಗಂಟು ಕಟ್ಟಿಕೊಂಡು ಲಾಯಕ್ಕೆ ಒಯ್ದರು.

ಮಂಗಳವಾರ ಅಕ್ಕ ಭಾವನಿಗೆ ಕಡ್ಡಿ ಮುರಿದಂತೆ ಹೇಳಿದಳು. ಭಾನುವಾರದೊಳಗೆ ಭಾವ ಬಾಯಿಬಿಟ್ಟು 'ಹೋಗಬೇಡ' ಎನ್ನದಿದ್ದರೆ ಅವಳು ನನ್ನ ಮನೆಗೆ ಬಂದುಬಿಡುತ್ತಾಳೆ, ಬಂದವಳು ತಿರುಗಿ ಹೋಗುವುದಿಲ್ಲ. ಭಾವ ಹೂಂ ಎಂದರಂತೆ. ಅಕ್ಕನೆಂದರೆ ನನಗೆ ಪ್ರಾಣ, ಸುಳ್ಳು ಹೇಳುವುದಿಲ್ಲ. ಆದರೆ ನನ್ನದು ಒಂದೂವರೆ ಕೋಣೆಯ ಮನೆ. ಅರ್ಧ ಕೋಣೆಯಲ್ಲಿ ಹೊಲಿಗೆ ಯಂತ್ರವಿದೆ, ಉಳಿದದ್ದರಲ್ಲಿ ನನ್ನ ಹೆಂಡತಿ ಇದ್ದಾಳೆ. ಅವಳಿಗೂ ಅಕ್ಕನಿಗೂ ಎಣ್ಣೆ ಸೀಗೇಕಾಯಿ.

ಶುಕ್ರವಾರ ಲಾಯಕ್ಕೆ ಓಡಿದೆ. ಕೆಂಚ ಎಂಬ ಮರಿ ಭಾವನ ತೋಳನ್ನು, ಅಂದರೆ ನಾನು ಹೊಲಿದ ತೋಳನ್ನು, ನಿಧಾನವಾಗಿ ಜಗಿಯುತ್ತಿತ್ತು. ಅಕ್ಕನಿಗೆ ಏನಾದರೂ ಹೇಳಿದಿರಾ ಎಂದು ಕೇಳಿದೆ. ಭಾವನ ಮುಖದಲ್ಲಿ ಎಂದೂ ಕಾಣದ ತೃಪ್ತಿ.

"ಈಗೇನೂ ತೊಂದ್ರೆ ಇಲ್ಲ. ಬುಧವಾರದಿಂದ ಸುಮ್ನಾಗಿದ್ದಾಳೆ."

ನನಗೆ ಮೈಯೆಲ್ಲ ಉರಿಯಿತು. ಅವಳು ಕುದುರೆಮರಿಯಲ್ಲ, ಸುಮ್ಮನಿದ್ದುಕೊಂಡೇ ಪೆಟ್ಟಿಗೆ ತುಂಬುತ್ತಿದ್ದಾಳೆ ಎಂದು ಕೂಗಾಡಿದೆ. ಪೆಟ್ಟಿಗೆ ಎಂದಾಗ ಕೆಂಚನ ಮೂತಿ ಉಜ್ಜುತ್ತಿದ್ದ ಭಾವನ ಕೈ ಒಂದು ಕ್ಷಣ ತಡೆದು ನಿಂತಿತು. ಅಷ್ಟರಲ್ಲಿ ಕೆಂಚ ಕಿವಿ ನಿಮಿರಿಸಿಕೊಂಡು ನನ್ನ ಕಾಲರಿಗೆ ಬಾಯಿ ಹಾಕಿತು. ಕೂಗಬೇಡ, ಅದಕ್ಕೆ ಆಟ ಅನ್ನಿಸುತ್ತದೆ ಎಂದರು ಭಾವ. ಇಂಥವರ ಜೊತೆ ಏನು ಮಾತಾಡುವುದು?

ಭಾನುವಾರ ಬೆಳಿಗ್ಗೆ ಅಕ್ಕನೇ ಲಾಯಕ್ಕೆ ಬಂದಳು, ಮನೆಯ ಬೀಗದ ಕೈ ಕೊಡಲು. ಪೆಟ್ಟಿಗೆ ಹೊತ್ತು ಹಿಂದೆ ನಾನು. ಭಾವ ಬೀಗದ ಕೈ ತೆಗೆದುಕೊಂಡರು, ಜೇಬಿಗೆ ಹಾಕಿಕೊಂಡರು, ನಿಂತರು. ಅಕ್ಕ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅವರ ಮುಂಗೈ ಹಿಡಿದು ಕಚಕ್ಕನೆ ಕಚ್ಚಿದಳು.

ಹುಲ್ಲು ಹೊರುತ್ತಿದ್ದವರು ಹೊರೆ ಕೆಳಗಿಟ್ಟರು. ಅಕ್ಕ ಬಿಡಲೊಲ್ಲಳು. ಭಾವ ಕೈ ಎಳೆದುಕೊಳ್ಳಲಿಲ್ಲ, ಕೂಗಲಿಲ್ಲ. ಇನ್ನೊಂದು ಕೈ ಅಭ್ಯಾಸಬಲದಿಂದ ತಾನಾಗಿ ಮೇಲೆದ್ದು ಅಕ್ಕನ ಕೆನ್ನೆ ಉಜ್ಜತೊಡಗಿತು. ಅಯ್ಯೋ ದೇವರೇ, ಇನ್ನು ಮುಗಿಯಿತು ಕಥೆ ಎಂದುಕೊಂಡೆ. ಭಾವ ಉಜ್ಜಿದರು, ಉಜ್ಜುತ್ತಲೇ ಇದ್ದರು. ಎಂಥ ತುಂಟ ಮರಿಯಾದರೂ ಇಷ್ಟು ಹೊತ್ತಿಗೆ ಮುಖ ತಿರುಗಿಸಬೇಕಿತ್ತು. ಅಕ್ಕ ತಿರುಗಿಸಲಿಲ್ಲ. ಅವಳ ಕಣ್ಣೀರಿಳಿದು ಭಾವನ ಬೆರಳು ಒದ್ದೆಯಾಯಿತು. ಕೈ ನಿಂತಿತು.

"ನೋವಾಗ್ತಿದೆ ಕಣೇ," ಎಂದರು ಭಾವ.

ಅಕ್ಕ ಗಾಬರಿಯಾಗಿ ಬಾಯಿ ಬಿಟ್ಟಳು. ಮುಂಗೈ ಮೇಲೆ ಹಲ್ಲಿನ ಸಾಲು ಕೆಂಪಗೆ ಮೂಡಿತ್ತು. "ತುಂಬಾ ಜೋರಾಯ್ತೇನ್ರೀ?"

"ಇದಲ್ಲ. ಮಂಗಳವಾರದಿಂದ." ಭಾವನ ಗದ್ದ ನಡುಗುತ್ತಿತ್ತು. "ಹೋಗ್ಬೇಡ."

ಅಕ್ಕ ಹುಲ್ಲಿನ ಹೊರೆಯ ಮೇಲೆ ಕುಸಿದು ಕೂತು ಅತ್ತಳು. ಅಳುತ್ತಲೇ ಬೈಯಲು ಶುರುಮಾಡಿದಳು, ಇಷ್ಟು ವರ್ಷದ್ದನ್ನೆಲ್ಲ ಸೇರಿಸಿ. ಭಾವ ಪಕ್ಕದಲ್ಲಿ ಕೂತು ಒಂದೊಂದಕ್ಕೂ ಎದುರುತ್ತರ ಕೊಟ್ಟರು. ಇಬ್ಬರೂ ಜಗಳವಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಸುಖವಾಗಿ ಆಡುತ್ತಿದ್ದರೆಂದರೆ, ಪೆಟ್ಟಿಗೆ ಹೊತ್ತು ನಿಂತಿದ್ದ ನನ್ನ ನೆನಪೇ ಅವರಿಗಿರಲಿಲ್ಲ.