ಪರದೆ ಆರಿಸಿ ಕೇಳುವ ವಿನೋದಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ರಬಾಳೆಯ ಪಂಪ್ ಕಂಪನಿ ತಲುಪಿರುವ ವಿನೋದಾ ಶೆಟ್ಟಿಗಾರ್, ಪರದೆ ಆರಿಸಿದ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. "ಮಶೀನ್ ಬಂದ್ ಹೈ ಕ್ಯಾ, ಮ್ಯಾಡಮ್?" ಎಂದು ಸೆಕ್ಯೂರಿಟಿಯವರು ಇಣುಕಿದರೆ, ಸುಮ್ಮನಿರಿ ಎಂದು ಕೈಸನ್ನೆ ಮಾಡುತ್ತಾರೆ. ಅವರು ಕಿವಿಗೊಟ್ಟು ಕೇಳುತ್ತಿದ್ದಾರೆ.

ಕಾರ್ಕಳ ಮೂಲದ ವಿನೋದಾ ಇಲ್ಲಿನ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವವರು. ಎಲ್ಲ ಸರಿಯಿದ್ದಾಗ ಅವರ ನೆನಪು ಯಾರಿಗೂ ಬರುವುದಿಲ್ಲ. ಆಪರೇಟಿಂಗ್ ಸಿಸ್ಟಂ ಹೊಸದಾದ ವಾರವಂತೂ ಹೋದಲ್ಲೆಲ್ಲ ಬೈಗುಳ. ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಪುಟ್ಟ ಎಕ್ಸ್‌ಟೆನ್ಶನ್‌ಗಳು ಒಂದೊಂದಾಗಿ ಮುನಿಸಿಕೊಳ್ಳುತ್ತವೆ. "ಸತ್ತದ್ದು ಗೊತ್ತಾಗ್ತದೆ ಮಾರಾಯ್ರೇ, ತೆಗೆದು ಬೇರೆ ಹಾಕ್ಬಹುದು. ಬದುಕಿದ ಹಾಗೆ ನಾಟಕ ಮಾಡ್ತದಲ್ಲ, ಅದೇ ತಲೆನೋವು," ಎನ್ನುತ್ತಾರೆ.

ಅಂಥ ನಾಟಕವೊಂದು ಈಗ ಮಾನಪ್ಪನವರ ಕೆಲಸಕ್ಕೇ ಕುತ್ತು ತಂದಿದೆ. ಯಾದಗಿರಿ ಕಡೆಯ ಮಾನಪ್ಪನವರಿಗೆ ಕಣ್ಣು ಕಾಣುವುದಿಲ್ಲ. ಗ್ರಾಹಕರ ದೂರುಗಳನ್ನು ಒಂದು ಎಕ್ಸ್‌ಟೆನ್ಶನ್ ಗಟ್ಟಿಯಾಗಿ ಓದುತ್ತದೆ, ಅವರು ಉತ್ತರ ಟೈಪ್ ಮಾಡುತ್ತಾರೆ. ಅಪ್‌ಗ್ರೇಡ್ ಆದಮೇಲೆ ಅರ್ಧಂಬರ್ಧ ಉತ್ತರ ಹೋಗತೊಡಗಿ ಗ್ರಾಹಕರು ರೇಗಿದ್ದಾರೆ. "ಇವ್ರ ಕೈಲಿ ಆಗ್ತಿಲ್ಲ, ಪ್ಯಾಕಿಂಗ್‌ಗೆ ಹಾಕೋಣ," ಎಂದಿದ್ದಾರೆ ಬೆಂಗಳೂರು ಮೂಲದ ಮ್ಯಾನೇಜರ್ ಕುಶಾಲ್.

"ಕೇಳಿಸಿದ್ದಕ್ಕೆಲ್ಲಾ ಉತ್ತರಾ ಕೊಟ್ಟೀನ್ರೀ ಅಕ್ಕಾರ. ಬಿಟ್ಟಿದ್ದು ಯಾವುದು ಅಂತ ನನಗ ಹೆಂಗ ತಿಳೀಬೇಕ್ರೀ?" ಎಂಬ ಮಾನಪ್ಪನವರ ಮಾತು ವಿನೋದಾರನ್ನು ಚುಚ್ಚುತ್ತಿದೆ. ಅಪ್‌ಗ್ರೇಡ್ ದಿನ ಎಕ್ಸ್‌ಟೆನ್ಶನ್ ಸರಿಯಿದೆ ಎಂದವರು ವಿನೋದಾರೇ. ಆದರೆ ಅಂದು ಓದಿಸಿ ನೋಡಿದ್ದು ಬರೀ ಇಂಗ್ಲಿಷ್ ಪುಟ!

ಅದಕ್ಕೇ ಈಗ, ಮಾನಪ್ಪನವರ ಹಾಗೆ ಪರದೆ ನೋಡದೆ, ಗ್ರಾಹಕರ ನಿಜವಾದ ದೂರನ್ನೇ ಓದಿಸುತ್ತಿದ್ದಾರೆ. ಕಲ್ಯಾಣ, ಠಾಣೆಯ ಜನ ಬರೆಯುವುದಾದರೂ ಹೇಗೆ? ಹೆಸರು, ವಿಳಾಸ, ವಾರಂಟಿಯ ಪ್ರಶ್ನೆ ಇಂಗ್ಲಿಷಿನಲ್ಲಿ, ಸಿಟ್ಟು ಮರಾಠಿಯಲ್ಲಿ. ಎಕ್ಸ್‌ಟೆನ್ಶನ್‌ನ ದನಿ ಹೆಸರು ಹೇಳುತ್ತದೆ, ವಿಳಾಸ ಹೇಳುತ್ತದೆ, ವಾರಂಟಿ ಇದೆಯೇ ಎಂದು ಕೇಳುತ್ತದೆ, 'ಥ್ಯಾಂಕ್ಯೂ' ಎಂದು ಮುಗಿಸಿಯೇ ಬಿಡುತ್ತದೆ. ಪರದೆ ಹಚ್ಚಿದರೆ, ಅಯ್ಯೋ ದೇವರೇ, ನಡುವೆ ಅಸಲು ದೂರೆಲ್ಲ ಮರಾಠಿಯಲ್ಲಿದೆ! ಹೊಸ ಸಿಸ್ಟಂನಲ್ಲಿ ಮರಾಠಿ ಓದುವ ದನಿಯೇ ಇಲ್ಲ; ಓದಲಾಗದ್ದನ್ನು ಎಕ್ಸ್‌ಟೆನ್ಶನ್ ಸದ್ದಿಲ್ಲದೆ ದಾಟಿಬಿಡುತ್ತಿದೆ.

ಆಫೀಸು ತುಂಬುವ ಹೊತ್ತಿಗೆ ವಿನೋದಾ ಆ ದನಿಯನ್ನು ಡೌನ್‌ಲೋಡ್ ಮಾಡಿ ಹಾಕಿ, ಮಾನಪ್ಪನವರನ್ನು ಕೂರಿಸುತ್ತಾರೆ. ಕುಶಾಲ್ ಬೆನ್ನ ಹಿಂದೆ ನಿಂತಿದ್ದಾರೆ. "ಪಂಪಾತೂನ್ ಪಾಣೀಚ್ ಯೇತ್ ನಾಹೀ," ಎಂದು ದನಿ ದೂರುತ್ತದೆ. "ಪಂಪಿನ್ಯಾಗ ನೀರ ಬರವಲ್ದಂತ್ರೀ! ಇದನ್ನ ಯಾಕ ಮೊದಲ ಹೇಳ್ಲಿಲ್ಲ ಈ ಮಶೀನು?" ಎನ್ನುತ್ತಲೇ ಮಾನಪ್ಪ ಟೈಪ್ ಮಾಡತೊಡಗುತ್ತಾರೆ. ಕುಶಾಲ್ ಮುಖ ಕೆಂಪಾಗುತ್ತದೆ. "ಸಾರಿ ಮಾನಪ್ಪಾವ್ರೇ. ನೀವೆಲ್ಲೂ ಹೋಗ್ಬೇಡಿ, ಇಲ್ಲೇ ಇರಿ."

ವಿನೋದಾಗೆ ಬಡ್ತಿಯ ಆಸೆಯೇನಾದರೂ ಇದೆಯೇ ಎಂದರೆ ನಗುತ್ತಾರೆ. "ಅದೆಲ್ಲ ಬಿಡಿ. ಮುಂದಿನ ಸಲ ಅಪ್‌ಗ್ರೇಡ್ ಆದಾಗ 'ಎಲ್ಲ ಓಕೆ' ಅಂತ ನಾನು ಹೇಳುವುದಲ್ಲ. ಮಾನಪ್ಪಣ್ಣ ಹೇಳ್ಬೇಕು."